ಸಾಂಕ್ರಾಮಿಕದ ಕಾಲದ ಆಶ್ರಯ ಕೇಂದ್ರಗಳು: ಕೊಡಗಿನ ಸ್ಥಳೀಯ ಸಂಸ್ಥೆಗಳ ಕೈಯಲ್ಲಿ ಹಣವೆಷ್ಟಿತ್ತು?

2020ರ ಮಾರ್ಚ್ 24ರ ರಾತ್ರಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾದಾಗ ಜನರಿಗೆ ಸಿಕ್ಕ ಸೂಚನೆ ಒಂದೇ: ಮನೆಯಿಂದ ಹೊರಗೆ ಬರಬೇಡಿ. ಮನೆಯೇ ಇಲ್ಲದವರು ಈ ಸೂಚನೆಯನ್ನು ಎಲ್ಲಿದ್ದು ಪಾಲಿಸಬೇಕು ಎಂಬುದಕ್ಕೆ ಸರ್ಕಾರದ ಉತ್ತರ ಬರಲು ನಾಲ್ಕೈದು ದಿನ ಹಿಡಿಯಿತು. ಲಾಕ್‌ಡೌನ್‌ನಿಂದ ಅತಂತ್ರರಾದ ವಸತಿರಹಿತರಿಗೆ ಮತ್ತು ವಲಸೆ ಕಾರ್ಮಿಕರಿಗೆ ತಾತ್ಕಾಲಿಕ ವಸತಿ, ಊಟ, ಬಟ್ಟೆ ಹಾಗೂ ಚಿಕಿತ್ಸೆ ಒದಗಿಸಲು ರಾಜ್ಯ ವಿಪತ್ತು ಸ್ಪಂದನಾ ನಿಧಿಯನ್ನು, ಅಂದರೆ ಎಸ್‌ಡಿಆರ್‌ಎಫ್ ಹಣವನ್ನು, ಬಳಸಬಹುದೆಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 28ರಂದು ತಿಳಿಸಿತು. ಮರುದಿನ ಹೊರಟ ಮತ್ತೊಂದು ಆದೇಶ ಅಂಥವರಿಗೆಲ್ಲ ಆಶ್ರಯ ಕಲ್ಪಿಸುವುದು ರಾಜ್ಯಗಳ ಹೊಣೆ ಎಂದಿತು. ಈ ಹೊಣೆ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ನಗರಸಭೆ, ಪಟ್ಟಣ ಪಂಚಾಯಿತಿ ಮತ್ತು ಗ್ರಾಮ ಪಂಚಾಯಿತಿಗಳಿಗೆ ಬಲುಬೇಗ ಇಳಿದು ಬಂತು. ಹಣ ಅದೇ ವೇಗದಲ್ಲಿ ಇಳಿಯುವ ವ್ಯವಸ್ಥೆ ಇರಲಿಲ್ಲ. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಈ ಅಂತರ ಏಕೆ ಹೆಚ್ಚು ನೋವು ಕೊಡುತ್ತದೆ, ಅದನ್ನು ತುಂಬಲು ಯಾವ ದಾರಿಗಳಿವೆ ಎಂಬುದನ್ನು ಲೆಕ್ಕಪತ್ರದ ಕಣ್ಣಿನಿಂದಲೇ ನೋಡಬೇಕಾಗಿದೆ.

ಕೊಡಗಿನಲ್ಲಿ ವಸತಿರಹಿತರು ಕಣ್ಣಿಗೆ ಬೀಳುವುದು ಕಡಿಮೆ. ಇಲ್ಲಿ ರೈಲು ನಿಲ್ದಾಣವಿಲ್ಲ, ಮೇಲ್ಸೇತುವೆಗಳಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಲ್ಲಿ ಬಯಲಲ್ಲಿ ಮಲಗಿ ಬದುಕುವುದೂ ಸಾಧ್ಯವಿಲ್ಲ. ಬಸ್ ನಿಲ್ದಾಣ, ಅಂಗಡಿ ಜಗಲಿ, ಸಂತೆಯ ಕಟ್ಟೆಗಳಲ್ಲಿ ರಾತ್ರಿ ಕಳೆಯುವ ವೃದ್ಧರು, ಮಾನಸಿಕ ಅಸ್ವಸ್ಥರು, ಭಿಕ್ಷುಕರು ಕೈಬೆರಳೆಣಿಕೆಯಷ್ಟೇ ಇದ್ದಾರೆಂದು ನಮಗೆ ಅನಿಸುವುದು ಅದಕ್ಕೇ. ಆದರೆ ಈ ಜಿಲ್ಲೆಯಲ್ಲಿ ಇನ್ನೊಂದು ದೊಡ್ಡ ವರ್ಗವಿದೆ. ಅವರಿಗೆ ಸೂರಿದೆ, ಆದರೆ ಅದು ಅವರದಲ್ಲ. ಕಾಫಿ ತೋಟಗಳಲ್ಲಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಗಳಲ್ಲಿ ಬದುಕುವ ಎರವ, ಕುರುಬ ಆದಿವಾಸಿ ಕುಟುಂಬಗಳು, ಹಿಂದೆ ತಮಿಳುನಾಡು ಮತ್ತು ಕೇರಳದಿಂದ ಬಂದು ನೆಲೆಸಿದವರು, ಈಚಿನ ವರ್ಷಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳಗಳಿಂದ ಬರುತ್ತಿರುವವರು, ಇವರೆಲ್ಲರ ಸೂರು ಕೆಲಸದೊಂದಿಗೆ ಬರುತ್ತದೆ, ಕೆಲಸದೊಂದಿಗೇ ಹೋಗುತ್ತದೆ.

ಲಾಕ್‌ಡೌನ್ ಬಂದ ಹೊತ್ತನ್ನು ಗಮನಿಸಬೇಕು. ಡಿಸೆಂಬರ್‌ನಲ್ಲಿ ಬಿರುಸು ಪಡೆಯುವ ಕಾಫಿ ಕುಯ್ಲು ಮಾರ್ಚ್ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ. ಕರಿಮೆಣಸಿನ ಕೆಲಸ ಅಲ್ಲಲ್ಲಿ ಉಳಿದಿರುತ್ತದೆ. ಹಂಗಾಮಿಗೆಂದು ಬಂದವರು ಕೂಲಿಯ ಲೆಕ್ಕ ಮುಗಿಸಿ ಊರಿಗೆ ಹೊರಡುವ ಸಮಯ ಅದು. ಬಸ್ಸುಗಳು ನಿಂತವು, ಮಾಕುಟ್ಟದ ಬಳಿ ಕೇರಳದ ಕಡೆಯ ರಸ್ತೆಗೆ ಮಣ್ಣು ಸುರಿದು ಮುಚ್ಚಲಾಯಿತು, ಶ್ರಮಿಕ ರೈಲುಗಳು ಓಡಲು ಮೇ ತಿಂಗಳೇ ಬರಬೇಕಾಯಿತು, ಅವನ್ನು ಹತ್ತಲಿಕ್ಕೂ ಮೊದಲು ಜಿಲ್ಲೆಯನ್ನು ದಾಟಬೇಕಿತ್ತು. ಕೆಲಸ ಮುಗಿದವರನ್ನೂ ಲೈನ್‌ಮನೆಯಲ್ಲೇ ಇರಿಸಿಕೊಂಡು ಅಕ್ಕಿ, ಬೇಳೆ ಕೊಟ್ಟ ತೋಟದ ಮಾಲೀಕರು ಕಡಿಮೆಯೇನಲ್ಲ. ಇದನ್ನು ಕೃತಜ್ಞತೆಯಿಂದಲೇ ದಾಖಲಿಸಬೇಕು. ಆದರೆ ಒಬ್ಬ ಮನುಷ್ಯನಿಗೆ ರಾತ್ರಿ ತಲೆಯ ಮೇಲೆ ಸೂರು ಉಳಿಯುವುದು ಮಾಲೀಕನ ಸ್ವಭಾವವನ್ನು ಅವಲಂಬಿಸಬಾರದು. ತೋಟ ಕಾರ್ಮಿಕರಿಗೆ ವಸತಿ ಕೊಡುವುದನ್ನು ಕಡ್ಡಾಯಗೊಳಿಸಿ ಆಗ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ಅನ್ವಯವಾಗುತ್ತಿದ್ದುದು 5 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡದಾದ, 15 ಅಥವಾ ಹೆಚ್ಚು ಕೆಲಸಗಾರರಿರುವ ತೋಟಗಳಿಗೆ ಮಾತ್ರ. ಕೊಡಗಿನ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಅವರ ತೋಟಗಳಲ್ಲಿ ದುಡಿಯುವವರಿಗೆ ಈ ಕಾಯ್ದೆಯ ರಕ್ಷಣೆ ತಲುಪುತ್ತಿರಲಿಲ್ಲ.

ಇವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ ಎಂಬುದು ಮುಂದಿನ ತೊಡಕು. 2011ರ ಜನಗಣತಿ ದೇಶದಲ್ಲಿ 17.7 ಲಕ್ಷ ವಸತಿರಹಿತರನ್ನು ಎಣಿಸಿತು. ಆ ಎಣಿಕೆ ನಡೆದದ್ದು ಫೆಬ್ರವರಿ 28ರ ಒಂದು ರಾತ್ರಿ, ರಸ್ತೆಬದಿ, ಪಾದಚಾರಿ ಮಾರ್ಗ, ದೇವಸ್ಥಾನದ ಆವರಣ, ರೈಲು ನಿಲ್ದಾಣಗಳಲ್ಲಿ ಮಲಗಿದ್ದವರನ್ನು ಕಂಡು. ಆ ರಾತ್ರಿ ಲೈನ್‌ಮನೆಯಲ್ಲಿ ಮಲಗಿದ್ದವನು ಗಣತಿಯ ಪ್ರಕಾರ ಮನೆಯುಳ್ಳವನು. ಅವನು ಕೆಲಸ ಕಳೆದುಕೊಂಡು ಮೂಟೆ ಹೊತ್ತು ಹೊರಬಂದ ದಿನ ಅವನನ್ನು ಎಣಿಸುವವರಿಲ್ಲ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ತೆರವು ಕಾರ್ಯಾಚರಣೆಯಿಂದ ಗುಡಿಸಲು ಕಳೆದುಕೊಂಡ ನೂರಾರು ಆದಿವಾಸಿ ಕುಟುಂಬಗಳಲ್ಲಿ ಅನೇಕರು ಲೈನ್‌ಮನೆಯ ಬದುಕಿನಿಂದ ಬಿಡಿಸಿಕೊಳ್ಳಲೆಂದೇ ಅಲ್ಲಿಗೆ ಬಂದಿದ್ದವರು. ಆ ಪ್ರಕರಣ ರಾಜ್ಯದ ಗಮನ ಸೆಳೆಯುವವರೆಗೆ ಅವರಿಗೆ ಮನೆಯಿಲ್ಲ ಎಂಬ ಸಂಗತಿ ಯಾವ ಕಚೇರಿಯ ಕಡತವನ್ನೂ ಅಲುಗಿಸಿರಲಿಲ್ಲ. ಅದರ ಜೊತೆಗೆ 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮತ್ತು 2019ರ ಪ್ರವಾಹದಲ್ಲಿ ಮನೆ ಕಳೆದುಕೊಂಡವರು ಬೇರೆ. ಜಂಬೂರು, ಮದೆನಾಡಿನ ಪುನರ್ವಸತಿ ಬಡಾವಣೆಗಳಲ್ಲಿ ಮನೆಗಳ ಹಸ್ತಾಂತರವಾದದ್ದು 2020ರ ಜೂನ್‌ನಲ್ಲಿ. ಅಂದರೆ ಲಾಕ್‌ಡೌನ್ ಆರಂಭವಾದಾಗ ಆ ಕುಟುಂಬಗಳು ಇನ್ನೂ ಬಾಡಿಗೆ ಮನೆಗಳಲ್ಲೋ ಬಂಧುಗಳ ಮನೆಗಳಲ್ಲೋ ಇದ್ದವು.

ಈಗ ಹಣದ ಮಾತಿಗೆ ಬರೋಣ.

ನಗರಗಳ ವಸತಿರಹಿತರಿಗಾಗಿ ಆಗ ದೇಶದಲ್ಲಿದ್ದ ಮುಖ್ಯ ಯೋಜನೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ, ಕಚೇರಿಗಳಲ್ಲಿ ಎಲ್ಲರೂ ನಲ್ಮ್ ಎನ್ನುವುದು. ಇದರ ಆಶ್ರಯ ಘಟಕ ಸುಪ್ರೀಂ ಕೋರ್ಟಿನ ಆದೇಶಗಳ ಹಿನ್ನೆಲೆಯಲ್ಲಿ ರೂಪುಗೊಂಡದ್ದು: ಒಂದು ಲಕ್ಷ ನಗರ ಜನಸಂಖ್ಯೆಗೆ ನೂರು ಮಂದಿ ತಂಗಬಹುದಾದ ಕಾಯಂ ಆಶ್ರಯ, ವರ್ಷದ ಎಲ್ಲ ದಿನವೂ ತೆರೆದಿರಬೇಕು, ತಲಾ 50 ಚದರ ಅಡಿ ಜಾಗ ಇರಬೇಕು. ಮಹಾನಗರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಇದು ಒಳ್ಳೆಯ ಮಾನದಂಡ. ಆದರೆ 2011ರ ಗಣತಿಯಂತೆ ಕೊಡಗಿನ ಜನಸಂಖ್ಯೆ 5.54 ಲಕ್ಷ, ಅದರಲ್ಲಿ ನಗರವಾಸಿಗಳು ಶೇ 15ಕ್ಕಿಂತ ಕಡಿಮೆ. ಮಡಿಕೇರಿಯಲ್ಲಿ ಇದ್ದವರು ಸುಮಾರು 33 ಸಾವಿರ. ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆಗಳನ್ನೆಲ್ಲ ಕೂಡಿಸಿದರೂ ಇಡೀ ಜಿಲ್ಲೆಯ ನಗರವಾಸಿಗಳು ಒಂದು ಲಕ್ಷ ತುಂಬುವುದಿಲ್ಲ. ಜಿಲ್ಲಾ ಕೇಂದ್ರವೆಂಬ ಕಾರಣಕ್ಕೆ ಮಡಿಕೇರಿ ಯೋಜನೆಯ ವ್ಯಾಪ್ತಿಗೆ ಬಂದರೂ, ನಿಜವಾಗಿ ಸೂರು ಕಳೆದುಕೊಳ್ಳುವವರು ಸಿದ್ದಾಪುರ, ಪಾಲಿಬೆಟ್ಟ, ಗೋಣಿಕೊಪ್ಪದ ಸುತ್ತಲಿನ ತೋಟಗಳಲ್ಲಿ, ಅಂದರೆ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ಇರುತ್ತಾರೆ. ಹಳ್ಳಿಯ ವಸತಿರಹಿತನಿಗೆ ಮನೆ ಕಟ್ಟಿಕೊಡುವ ಯೋಜನೆಗಳಿವೆ. ಇಂದು ರಾತ್ರಿ ತಂಗಲು ಜಾಗ ಕೊಡುವ ಇಂಥ ಯೋಜನೆಯಿಲ್ಲ.

ನಲ್ಮ್ ಕೊಡುತ್ತಿದ್ದ ಮೊತ್ತವನ್ನೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಐವತ್ತು ಜನರ ಒಂದು ಆಶ್ರಯ ಕೇಂದ್ರದ ನಿರ್ವಹಣೆಗೆ ವರ್ಷಕ್ಕೆ ಗರಿಷ್ಠ 6 ಲಕ್ಷ ರೂಪಾಯಿ, ಅದೂ ಮೊದಲ ಐದು ವರ್ಷ. ಇದನ್ನು ತಲಾವಾರು ಹಂಚಿದರೆ ದಿನಕ್ಕೆ ಸುಮಾರು 33 ರೂಪಾಯಿ ಆಗುತ್ತದೆ. ಕೇಂದ್ರ ನೋಡಿಕೊಳ್ಳುವವರ ಸಂಬಳ, ಶೌಚಾಲಯದ ಸ್ವಚ್ಛತೆ, ನೀರು, ವಿದ್ಯುತ್, ಹಾಸಿಗೆ ಹೊದಿಕೆ ಎಲ್ಲವೂ ಇದರೊಳಗೆ ಬರಬೇಕಿತ್ತು. ಸಾಂಕ್ರಾಮಿಕ ಬಂದಾಗ ಅಂತರ ಕಾಯ್ದುಕೊಳ್ಳಲು ಐವತ್ತರ ಜಾಗದಲ್ಲಿ ಇಪ್ಪತ್ತೈದು ಮಂದಿಯನ್ನಷ್ಟೇ ಇರಿಸಿದರೆ ಕಾವಲುಗಾರನ ಸಂಬಳವಾಗಲಿ ಕಟ್ಟಡದ ಖರ್ಚಾಗಲಿ ಅರ್ಧವಾಗುವುದಿಲ್ಲ. ತಲಾ ವೆಚ್ಚ ತಾನಾಗಿ ಇಮ್ಮಡಿಸುತ್ತದೆ. ಅದರ ಮೇಲೆ ಸಾಬೂನು, ಸ್ಯಾನಿಟೈಸರ್, ಮುಖಗವಸು, ಸೋಂಕು ಶಂಕಿತರಿಗೆ ಪ್ರತ್ಯೇಕ ಕೊಠಡಿ, ಹೊರಗೆ ಹೋಗುವಂತಿಲ್ಲದ ಕಾರಣ ಮೂರು ಹೊತ್ತಿನ ಊಟ. ಕೊಡಗಿನಲ್ಲಾದರೆ ಇದಕ್ಕೆ ಕಂಬಳಿಗಳನ್ನೂ ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ವ್ಯವಸ್ಥೆಯನ್ನೂ ಸೇರಿಸಬೇಕು, ಜೂನ್ ನಂತರ ಇಲ್ಲಿ ಒದ್ದೆ ಹೊದಿಕೆಯೊಂದು ಒಣಗಲು ಎಷ್ಟು ದಿನ ಬೇಕೆಂಬುದು ಬಯಲುಸೀಮೆಯಲ್ಲಿ ಕುಳಿತು ದರಪಟ್ಟಿ ತಯಾರಿಸುವವರಿಗೆ ಹೊಳೆಯುವುದಿಲ್ಲ.

ಹೀಗಾಗಿ 2020ರಲ್ಲಿ ಆಶ್ರಯ ಕೇಂದ್ರಗಳ ಭಾರ ಬಿದ್ದದ್ದು ಎಸ್‌ಡಿಆರ್‌ಎಫ್ ಮೇಲೆ. ಕೇಂದ್ರ ಶೇ 75, ರಾಜ್ಯ ಶೇ 25ರಷ್ಟು ಹಾಕುವ ಈ ನಿಧಿಯ ಹಣ ಜಿಲ್ಲೆಯ ಮಟ್ಟದಲ್ಲಿ ಕಂದಾಯ ಇಲಾಖೆಯ ಹಿಡಿತದಲ್ಲಿರುತ್ತದೆ, ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರ ವೈಯಕ್ತಿಕ ಠೇವಣಿ (ಪಿ.ಡಿ.) ಖಾತೆಗಳಲ್ಲಿ. ನಗರಸಭೆಗೋ ಪಂಚಾಯಿತಿಗೋ ನೇರವಾಗಿ ಬರುವುದಿಲ್ಲ. ಬೀದಿಯಲ್ಲಿದ್ದವರನ್ನು ಗುರುತಿಸುವುದು, ಹಾಸ್ಟೆಲ್ ಅಥವಾ ಶಾಲೆಯ ಬೀಗ ತೆಗೆಸುವುದು, ಪೌರಕಾರ್ಮಿಕರನ್ನು ಸ್ವಚ್ಛತೆಗೆ ಕಳುಹಿಸುವುದು, ದಿನಸಿ ಹೊಂದಿಸುವುದು ಸ್ಥಳೀಯ ಸಂಸ್ಥೆಯ ಕೆಲಸ. ಬಿಲ್ಲು ಪಾವತಿಯಾಗುವುದು ಇನ್ನೊಂದು ಇಲಾಖೆಯ ಮಂಜೂರಾತಿಯ ಮೇಲೆ. ದಿನಸಿ ಅಂಗಡಿಯವನಿಗೆ ಇಂದು ಹಣ ಕೊಡಬೇಕಾದ ಪಂಚಾಯಿತಿಗೆ ಆ ಹಣ ಮರುಪಾವತಿಯ ರೂಪದಲ್ಲಿ ತಿಂಗಳುಗಳ ನಂತರ ಬರುವುದಾದರೆ, ಅದು ಮಾಡಬಹುದಾದ ವಿವೇಕದ ಕೆಲಸ ಎರಡೇ: ದಾನಿಗಳನ್ನು ಹುಡುಕುವುದು, ಇಲ್ಲವೇ ಕೇಂದ್ರಕ್ಕೆ ಬರುವವರ ಸಂಖ್ಯೆಯನ್ನು ಕಡಿಮೆ ಇಡುವುದು. ಮೊದಲನೆಯದು ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿ ನಡೆಯಿತು. ಸಂಘ ಸಂಸ್ಥೆಗಳು, ಮಸೀದಿ, ಚರ್ಚು, ದೇವಸ್ಥಾನಗಳು, ಯುವಕರ ಗುಂಪುಗಳು ಮಾಡಿದ ಸೇವೆ ದೊಡ್ಡದು. ಆದರೆ ದಾನದ ಉತ್ಸಾಹ ಮೊದಲ ವಾರಗಳಲ್ಲಿ ಹೆಚ್ಚಿದ್ದು ಕ್ರಮೇಣ ಇಳಿಯುವಂಥದ್ದು. ಸಾಂಕ್ರಾಮಿಕವಾದರೋ 2021ರ ಬೇಸಿಗೆಯಲ್ಲಿ ಇನ್ನೂ ಉಗ್ರವಾಗಿ ಮರಳಿ ಬಂತು.

ಸ್ವಂತ ವರಮಾನದಿಂದ ನಿಭಾಯಿಸಬಹುದಿತ್ತಲ್ಲವೇ ಎಂಬ ಪ್ರಶ್ನೆ ಸಹಜ. ನಗರಸಭೆ ಮತ್ತು ಪಟ್ಟಣ ಪಂಚಾಯಿತಿಗಳ ಸ್ವಂತ ವರಮಾನವೆಂದರೆ ಆಸ್ತಿ ತೆರಿಗೆ, ನೀರಿನ ಕಂದಾಯ, ವ್ಯಾಪಾರ ಪರವಾನಗಿ ಶುಲ್ಕ, ಮಳಿಗೆಗಳ ಬಾಡಿಗೆ. ಪ್ರವಾಸಿಗರನ್ನು ನಂಬಿರುವ ಊರುಗಳಲ್ಲಿ ಹೋಟೆಲು, ಹೋಂಸ್ಟೇ, ಅಂಗಡಿಗಳು ಮುಚ್ಚಿದಾಗ ಇವೆಲ್ಲ ಒಟ್ಟಿಗೇ ಸೊರಗಿದವು. ಶೇ 5ರ ರಿಯಾಯಿತಿಯ ಆಸೆಯಿಂದ ಜನ ಆಸ್ತಿ ತೆರಿಗೆ ಕಟ್ಟುವ ಏಪ್ರಿಲ್ ತಿಂಗಳಲ್ಲೇ ಕೌಂಟರುಗಳ ಮುಂದೆ ಜನರಿರಲಿಲ್ಲ. ಖರ್ಚು ಹೆಚ್ಚಾದ ತಿಂಗಳಲ್ಲೇ ಬರುವ ಹಣ ಕಡಿಮೆಯಾಯಿತು. 15ನೇ ಹಣಕಾಸು ಆಯೋಗ 2020-21ಕ್ಕೆ ದೇಶದ ಸ್ಥಳೀಯ ಸಂಸ್ಥೆಗಳಿಗೆಂದು 90,000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು, ಗ್ರಾಮೀಣಕ್ಕೆ 60,750 ಕೋಟಿ, ನಗರಕ್ಕೆ 29,250 ಕೋಟಿ. ಗ್ರಾಮ ಪಂಚಾಯಿತಿಗಳ ಪಾಲಿನ ಅರ್ಧದಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದರ್ಧ ಸ್ಥಳೀಯ ಅಗತ್ಯಕ್ಕೆ ಬಳಸಬಹುದಾಗಿದ್ದರೂ ಸಂಬಳ ಹಾಗೂ ಆಡಳಿತ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಆಶ್ರಯ ಕೇಂದ್ರದಲ್ಲಿ ಕಟ್ಟಡಕ್ಕಿಂತ ಹೆಚ್ಚು ಬೇಕಾಗುವುದು ಅಲ್ಲಿ ರಾತ್ರಿ ಹಗಲು ಇರುವ ಮನುಷ್ಯರು. ಅವರ ಕೂಲಿಯನ್ನು ಈ ಅನುದಾನದಿಂದ ಕೊಟ್ಟ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮುಂದೆ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರಿಸುತ್ತ ಕೂರಬೇಕಾಗಬಹುದು ಎಂಬ ಭಯ ಸುಳ್ಳೇನಲ್ಲ.

ಇಷ್ಟರ ನಡುವೆ ನಾವು ಅಷ್ಟಾಗಿ ಗಮನಿಸದ ಒಂದು ಹಣದ ಮೂಲವಿದೆ. ಕರ್ನಾಟಕದಲ್ಲಿ ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಅದರ ಮೇಲೆ ಶೇ 3ರಷ್ಟು ಭಿಕ್ಷುಕರ ಉಪಕರವನ್ನು ಕಟ್ಟುತ್ತಾರೆ. ಸಾವಿರ ರೂಪಾಯಿ ತೆರಿಗೆಗೆ ಮೂವತ್ತು ರೂಪಾಯಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಇದನ್ನು ಸಂಗ್ರಹಿಸಿ ರಾಜ್ಯಮಟ್ಟದ ಕೇಂದ್ರ ಪರಿಹಾರ ಸಮಿತಿಗೆ ಒಪ್ಪಿಸಬೇಕು. ಆ ಹಣದಿಂದ ಬೆಂಗಳೂರು, ಮೈಸೂರು ಮೊದಲಾದ ಕಡೆ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. ಅಂದರೆ ನಿರ್ಗತಿಕರ ಹೆಸರಿನಲ್ಲಿ ಜನ ವರ್ಷವರ್ಷವೂ ಕೊಡುವ ಹಣ ನಮ್ಮ ಪಟ್ಟಣಗಳಲ್ಲಿ ಸಂಗ್ರಹವಾಗುತ್ತದೆ, ಆದರೆ ಅದೇ ಪಟ್ಟಣದ ಬಸ್ ನಿಲ್ದಾಣದಲ್ಲಿ ಮಲಗಿದವನಿಗೆ ಅದನ್ನು ಖರ್ಚು ಮಾಡುವ ಸ್ವಾತಂತ್ರ್ಯ ಆ ಸಂಸ್ಥೆಗೆ ಇಲ್ಲ. ಈ ಕಾಯ್ದೆ ಮನೆಯಿಲ್ಲದವನನ್ನು ಮೊದಲು ತಪ್ಪಿತಸ್ಥನಂತೆ ನೋಡುತ್ತದೆ ಎಂಬ ಆಕ್ಷೇಪ ನನ್ನದೂ ಹೌದು. ಆದರೂ ಸಂಗ್ರಹವಾದ ಉಪಕರದ ಒಂದು ಪಾಲನ್ನು ಆಯಾ ಜಿಲ್ಲೆಯಲ್ಲೇ ಉಳಿಸಿ, ಸ್ವಇಚ್ಛೆಯಿಂದ ಬಂದು ತಂಗುವ ಆಶ್ರಯಕ್ಕೆ ಬಳಸಲು ರಾಜ್ಯ ಸರ್ಕಾರ ಅವಕಾಶ ಕೊಟ್ಟರೆ ಅದಕ್ಕೆ ಹೊಸ ತೆರಿಗೆಯೇ ಬೇಕಾಗುವುದಿಲ್ಲ.

ಹಣವಿದ್ದರೂ ನಿರ್ಧರಿಸುವವರು ಬೇಕು. 2020ರಲ್ಲಿ ಕೊಡಗಿನ ಹಲವೆಡೆ ಅವರೂ ಇರಲಿಲ್ಲವೆಂಬುದನ್ನು ನಾವು ಮರೆತಿದ್ದೇವೆ. ಮಡಿಕೇರಿ ನಗರಸಭೆಗೆ ಚುನಾವಣೆ ನಡೆದದ್ದು 2021ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಅಲ್ಲಿ ಆಡಳಿತಾಧಿಕಾರಿಯ ಆಳ್ವಿಕೆ ಇತ್ತು. ಗ್ರಾಮ ಪಂಚಾಯಿತಿಗಳ ಅವಧಿ 2020ರ ಮಧ್ಯಭಾಗದಲ್ಲಿ ಮುಗಿಯಿತು, ಸೋಂಕಿನ ಕಾರಣಕ್ಕೆ ಚುನಾವಣೆ ಮುಂದೆ ಹೋಗಿ ಡಿಸೆಂಬರ್‌ನಲ್ಲಿ ಮತದಾನವಾಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲಂತೂ ವರ್ಷಗಳುರುಳಿದರೂ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳು ಶ್ರಮಪಟ್ಟಿಲ್ಲ ಎಂದು ಹೇಳುತ್ತಿಲ್ಲ. ಆದರೆ ಯಾವ ತೋಟದ ಯಾವ ಲೈನಿನಲ್ಲಿ ಎಷ್ಟು ಜನ ಉಳಿದಿದ್ದಾರೆ, ಯಾವ ಆದಿವಾಸಿ ಹಾಡಿಗೆ ಪಡಿತರ ತಲುಪಿಲ್ಲ ಎಂಬುದನ್ನು ಬೆಳಿಗ್ಗೆ ಫೋನು ಮಾಡಿ ಹೇಳಬಲ್ಲವನು ವಾರ್ಡಿನ ಸದಸ್ಯ. ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರಾದರೆ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ಆ ಕುರ್ಚಿ ಖಾಲಿಯಿದ್ದರೆ ಹಣ ಎಲ್ಲಿಗೆ ಹೋಗಬೇಕೆಂಬ ಚರ್ಚೆಯಲ್ಲಿ ಜನರ ಪರವಾಗಿ ಕೂತವರು ಯಾರು?

2020ರ ಆಗಸ್ಟ್ ಈ ವ್ಯವಸ್ಥೆಯ ಇನ್ನೊಂದು ದೌರ್ಬಲ್ಯವನ್ನು ತೋರಿಸಿತು. ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು, ಕಾವೇರಿ ಮತ್ತೆ ದಡ ಮೀರಿತು, ಹೊಳೆದಂಡೆಯ ಜನರಿಗೆ ಮತ್ತೆ ಕಾಳಜಿ ಕೇಂದ್ರಗಳು ಬೇಕಾದವು. ಹಿಂದಿನ ವರ್ಷಗಳಲ್ಲಿ ಒಂದು ಶಾಲೆಯ ಸಭಾಂಗಣದಲ್ಲಿ ನೂರಾರು ಜನರನ್ನು ಇರಿಸಬಹುದಿತ್ತು. ಈ ಬಾರಿ ಅಂತರ ಬೇಕು, ತಪಾಸಣೆ ಬೇಕು, ಇನ್ನಷ್ಟು ಕಟ್ಟಡಗಳು ಬೇಕು. ಹಾಸ್ಟೆಲುಗಳು ಕ್ವಾರಂಟೈನ್‌ಗೂ ಬೇಕು, ಮಳೆ ಸಂತ್ರಸ್ತರಿಗೂ ಬೇಕು. ಖರ್ಚು ಬರಬೇಕಾದದ್ದು ಅದೇ ಎಸ್‌ಡಿಆರ್‌ಎಫ್‌ನಿಂದ. ಆ ನಿಧಿಯಲ್ಲಿ ಕೋವಿಡ್‌ಗೆ ಬಳಸಬಹುದಾದ ಮಿತಿಯನ್ನು ಸೆಪ್ಟೆಂಬರ್‌ನಲ್ಲಿ ಶೇ 35ರಿಂದ ಶೇ 50ಕ್ಕೆ ಏರಿಸಿದ್ದು ರಾಜ್ಯಗಳಿಗೆ ನೆಮ್ಮದಿ ತಂದಿರಬಹುದು. ಆದರೆ ಒಂದೇ ಕೊಪ್ಪರಿಗೆಯ ಅರ್ಧವನ್ನು ಸೋಂಕಿಗೆ ತೆಗೆದಿಟ್ಟರೆ ಪ್ರತಿ ವರ್ಷ ಬೆಟ್ಟ ಜಾರುವ ಜಿಲ್ಲೆಗೆ ಉಳಿಯುವುದು ಇನ್ನರ್ಧ.

ಹೊರಗಿನ ಅನುಭವವೂ ಇಲ್ಲಿ ಉಪಯುಕ್ತ. ಇಂಗ್ಲೆಂಡಿನಲ್ಲಿ 2020ರ ಮಾರ್ಚ್ ಕೊನೆಯಲ್ಲಿ, ಬೀದಿಯಲ್ಲಿರುವ ಎಲ್ಲರನ್ನೂ ಒಳಗೆ ಕರೆತರಬೇಕೆಂದು ಸ್ಥಳೀಯ ಆಡಳಿತಗಳಿಗೆ ಹೇಳಲಾಯಿತು. ಇದಕ್ಕೆಂದೇ ಮೊದಲು ಕೊಟ್ಟದ್ದು 32 ಲಕ್ಷ ಪೌಂಡ್ ಮಾತ್ರ. ಆದರೆ ಅದೇ ತಿಂಗಳು ಯಾವ ಬಾಬ್ತಿಗೂ ಕಟ್ಟುಹಾಕದ 160 ಕೋಟಿ ಪೌಂಡ್ ಸ್ಥಳೀಯ ಸಂಸ್ಥೆಗಳ ಕೈಗೆ ಬಂದಿತ್ತು. ಖಾಲಿ ಹೋಟೆಲುಗಳನ್ನು ಬಾಡಿಗೆಗೆ ಪಡೆದು, 2021ರ ಆರಂಭದ ಹೊತ್ತಿಗೆ 37 ಸಾವಿರಕ್ಕೂ ಹೆಚ್ಚು ಜನರಿಗೆ ನೆರವು ಕೊಡಲು ಸಾಧ್ಯವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ನಗರಗಳೂ ಹೋಟೆಲು ಕೊಠಡಿಗಳನ್ನು ಬಳಸಿದವು, ಆದರೆ ಮರುಪಾವತಿಯ ಭರವಸೆಯ ಮೇಲೆ. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೇಂದ್ರದ ವಿಪತ್ತು ಸಂಸ್ಥೆ, 2021ರ ಜೂನ್ ನಂತರದ ವಾಸ್ತವ್ಯಕ್ಕೆ ತಲಾ 20 ದಿನಗಳ ಖರ್ಚನ್ನಷ್ಟೇ ಕೊಡುವುದಾಗಿ ಹೇಳಿದಾಗ ಆಗಲೇ ಖರ್ಚು ಮಾಡಿದ್ದ ನಗರಗಳು ದಿಕ್ಕುತೋಚದಂತಾದವು. ಮೊದಲು ಖರ್ಚು ಮಾಡಿ ಆಮೇಲೆ ಕೇಳಿ ಎನ್ನುವ ಪದ್ಧತಿ ಶ್ರೀಮಂತ ನಗರಗಳನ್ನೇ ಹೀಗೆ ಕಾಡುವುದಾದರೆ ಸೋಮವಾರಪೇಟೆಯ ಪಟ್ಟಣ ಪಂಚಾಯಿತಿ ಆ ಧೈರ್ಯ ಮಾಡಲೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕೊಡಗಿಗೆ ಬೇಕಿರುವುದು ಸಾಂಕ್ರಾಮಿಕಕ್ಕೊಂದು, ಮಳೆಗಾಲಕ್ಕೊಂದು, ನಿರ್ಗತಿಕರಿಗೊಂದು ಎಂದು ಬೇರೆಬೇರೆ ಏರ್ಪಾಡಲ್ಲ. ಪ್ರತಿ ತಾಲ್ಲೂಕಿನಲ್ಲಿ ಒಂದು ಕಟ್ಟಡ ವರ್ಷವಿಡೀ ಆಶ್ರಯ ಕೇಂದ್ರವಾಗಿ, ಚಿಕ್ಕ ಪ್ರಮಾಣದಲ್ಲಾದರೂ, ನಡೆಯುತ್ತಿರಬೇಕು. ಮಳೆ ಬಂದರೂ ಸೋಂಕು ಬಂದರೂ ಅದೇ ಕೇಂದ್ರ ಸುತ್ತಲಿನ ಶಾಲೆ, ಸಮುದಾಯ ಭವನಗಳಿಗೆ ವಿಸ್ತರಿಸಿಕೊಳ್ಳುವಂತಿರಬೇಕು. ಖಾಲಿ ಕಟ್ಟಡವನ್ನು ಇದ್ದಕ್ಕಿದ್ದಂತೆ ಕೇಂದ್ರವಾಗಿಸುವಾಗ ಆಗುವ ದೊಡ್ಡ ಖರ್ಚು ಶೌಚಾಲಯ ಮತ್ತು ನೀರಿನದು. ಹಣಕಾಸು ಆಯೋಗದ ಕಟ್ಟುಪಾಡಿನ ಅನುದಾನವೂ ನೀರು, ನೈರ್ಮಲ್ಯಕ್ಕೇ ಮೀಸಲಿರುವಾಗ ಈ ಆಯ್ದ ಕಟ್ಟಡಗಳ ಶೌಚಾಲಯ, ನೀರಿನ ಟ್ಯಾಂಕುಗಳನ್ನು ಸಾಮಾನ್ಯ ವರ್ಷಗಳಲ್ಲೇ ಅದರಿಂದ ಸಿದ್ಧಪಡಿಸಿಡಬಹುದು. ಸಿಬ್ಬಂದಿಯ ಕೂಲಿಯನ್ನು ಸ್ವಂತ ವರಮಾನದ ಒಂದು ಖಚಿತ ಶೀರ್ಷಿಕೆಯಡಿ, ಉಪಕರದ ಪಾಲು ಸಿಕ್ಕರೆ ಅದರಿಂದಲೂ, ಕೊಡಬಹುದು. ಎಸ್‌ಡಿಆರ್‌ಎಫ್ ಹಣದ ಒಂದು ಚಿಕ್ಕ ಮುಂಗಡ ಮೇ ತಿಂಗಳಲ್ಲೇ ಸ್ಥಳೀಯ ಸಂಸ್ಥೆಗಳ ಖಾತೆಗೆ ಬಂದು, ಬಳಕೆಯಾಗದಿದ್ದರೆ ವಾಪಸಾಗುವ ವ್ಯವಸ್ಥೆ ರಾಜ್ಯದ ಆದೇಶವೊಂದರಿಂದ ಆಗುವಂಥದ್ದು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಸೂರು ಕೊಟ್ಟರೆ ಹೊರಗಿನವರು ಬಂದು ತುಂಬಿಕೊಳ್ಳುತ್ತಾರೆ ಎಂಬುದು ಒಂದು. ಅಸ್ಸಾಮಿನಿಂದ ಬರುವವರನ್ನು ಇಲ್ಲಿಗೆ ಕರೆತರುವುದು ನಮ್ಮ ತೋಟಗಳ ಕೆಲಸ. ಅವರ ದುಡಿಮೆ ಬೇಕು, ಕಷ್ಟಕಾಲದಲ್ಲಿ ಅವರ ಇರವು ಬೇಡ ಎನ್ನುವುದನ್ನು ನಾನು ಒಪ್ಪಲಾರೆ. ಎರಡನೆಯದು, ಕಾರ್ಮಿಕರ ಹೊಣೆ ತೋಟದವರದ್ದೇ ಹೊರತು ಪಂಚಾಯಿತಿಯದ್ದಲ್ಲ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ದೊಡ್ಡ ತೋಟಗಳು ಕಾನೂನಿನ ಹೊಣೆಯಿಂದ ನುಣುಚಿಕೊಳ್ಳಲು ಆಶ್ರಯ ಕೇಂದ್ರ ನೆಪವಾಗಬಾರದು. ಆದರೆ ನಾಲ್ಕೆಕರೆಯ ಬೆಳೆಗಾರ ಹತ್ತು ಜನರನ್ನು ತಿಂಗಳುಗಟ್ಟಲೆ ಸಾಕಲಾರ. ಸಂವಿಧಾನದ 11 ಮತ್ತು 12ನೇ ಅನುಸೂಚಿಗಳು ದುರ್ಬಲ ವರ್ಗಗಳ ಹಿತರಕ್ಷಣೆ, ಬಡತನ ನಿವಾರಣೆಗಳನ್ನು ಪಂಚಾಯಿತಿ, ನಗರಸಭೆಗಳಿಗೆ ವಹಿಸಬಹುದಾದ ವಿಷಯಗಳೆಂದೇ ಪಟ್ಟಿ ಮಾಡಿರುವಾಗ ಉಳಿದರ್ಧ ಹೊಣೆ ಯಾರದೆಂದು ಹುಡುಕಬೇಕಿಲ್ಲ.

ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ಆಯವ್ಯಯ ಮಂಡಿಸುವ ಮೊದಲು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ; ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮಸಭೆಯಿದೆ. ವಸತಿರಹಿತರ ಆಶ್ರಯಕ್ಕೆ ಈ ವರ್ಷ ಯಾವ ಶೀರ್ಷಿಕೆಯಡಿ ಎಷ್ಟು ಹಣ ಇಟ್ಟಿದ್ದೀರಿ, ಭಿಕ್ಷುಕರ ಉಪಕರವೆಂದು ನಮ್ಮಿಂದ ಸಂಗ್ರಹಿಸಿದ್ದೆಷ್ಟು, ಮಳೆಗಾಲಕ್ಕೆ ಗುರುತಿಸಿರುವ ಕಾಳಜಿ ಕೇಂದ್ರದ ಶೌಚಾಲಯಗಳಲ್ಲಿ ಎಷ್ಟು ಬಳಕೆಗೆ ಯೋಗ್ಯವಾಗಿವೆ ಎಂದು ಅಲ್ಲಿ ಎದ್ದು ಕೇಳಿ, ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಲು ಯಾರ ಅನುಮತಿಯೂ ಬೇಕಾಗುವುದಿಲ್ಲ.